ಇಪ್ಪತ್ತೈದು ಕರೆಂಟು, ತಳದಲ್ಲುಳಿದ ಹೆಪ್ಪು

ನನ್ನ ಕೊನೆಯ ರೇಡಿಯೇಷನ್ ಮುಗಿದು ಈ ವಾರಕ್ಕೆ ಒಂದು ವರ್ಷ. ಮೊನ್ನೆ ತಪಾಸಣೆಯಲ್ಲಿ ಡಾಕ್ಟರು ‘ಎಲ್ಲ ಸರಿಯಿದೆ, ಇನ್ನು ಮೂರು ತಿಂಗಳು ಬಿಟ್ಟು ಬನ್ನಿ’ ಎಂದರು. ಗರ್ಭಕಂಠದ ಕ್ಯಾನ್ಸರ್ ಎಂದು ಬಾಯಿಬಿಟ್ಟು ಹೇಳಲು ನನಗೆ ಇಷ್ಟು ದಿನ ಬೇಕಾಯಿತು. ನೆಂಟರಿಗೆಲ್ಲ ‘ಹೊಟ್ಟೆಯಲ್ಲಿ ಗಡ್ಡೆ’ ಎಂದೇ ಹೇಳಿಸಿದ್ದೆ. ಧನ್ಯವಾದ ಹೇಳುವಾಗಲೂ ಮುಚ್ಚಿಟ್ಟರೆ ಹೇಗೆ?

ವಾರಕ್ಕೆ 5 ದಿನದಂತೆ 5 ವಾರ, ಒಟ್ಟು 25 ಸಲ ‘ಕರೆಂಟು’, ಅಂದರೆ ರೇಡಿಯೇಷನ್. ಜೊತೆಗೆ ವಾರಕ್ಕೊಂದು ಕೀಮೊ. ಕರೆಂಟು ಕೊಡುವಾಗ ನೋವೇನೂ ಇಲ್ಲ. ಕಷ್ಟ ಶುರುವಾದದ್ದು ಮೂರನೆಯ ವಾರ, ಹೊಟ್ಟೆಯಲ್ಲಿ. ದಿನಕ್ಕೆ ಹತ್ತು ಹನ್ನೆರಡು ಸಲ ಭೇದಿ. ಅದರ ಮೇಲೆ, ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಸರದಿಯಲ್ಲಿ ಕೂರಬೇಕು. ತುಂಬಿದ ಮೂತ್ರಕೋಶ ಕರುಳನ್ನು ಕಿರಣದ ದಾರಿಯಿಂದ ಆಚೆ ತಳ್ಳುತ್ತದೆ. ಒಂದು ದಿನ ಆ ಬೆಂಚಿನ ಮೇಲೆಯೇ ನನ್ನ ಸೀರೆ ಹಾಳಾಯಿತು. ಪಕ್ಕದಲ್ಲಿದ್ದ ರಾಯಚೂರು ಕಡೆಯ ಅಜ್ಜಿ ಮಾತಿಲ್ಲದೆ ತಮ್ಮ ಶಾಲನ್ನು ನನ್ನ ಸೊಂಟಕ್ಕೆ ಸುತ್ತಿ, ನನ್ನ ಟೋಕನ್ನನ್ನೂ ತಾವೇ ಹಿಡಿದುಕೊಂಡು, ಶೌಚಾಲಯದ ತನಕ ಬಂದರು. ಅಜ್ಜಿ, ಶಾಲು ಇನ್ನೂ ನನ್ನ ಬೀರುವಿನಲ್ಲಿದೆ. ನಿಮ್ಮ ಊರಿನ ಹೆಸರನ್ನು ಕೇಳಿಕೊಳ್ಳಲಿಲ್ಲವಲ್ಲ ಎಂಬ ಕೊರಗೂ ಇದೆ.

ಮಾತ್ರೆ ಬರೆದುಕೊಟ್ಟವರು ಹಲವರು. ಏಕೆ ಹೀಗಾಗುತ್ತದೆ ಎಂದು ಕೂರಿಸಿ ಹೇಳಿದವರು ಆಹಾರತಜ್ಞೆ ಒಬ್ಬರೇ. ಕರುಳಿನ ಒಳಪದರ 3ರಿಂದ 5 ದಿನಕ್ಕೊಮ್ಮೆ ಹೊಸದಾಗುತ್ತಿರುತ್ತದಂತೆ. ಬೇಗ ಬೇಗ ಹುಟ್ಟುವ ಜೀವಕೋಶಗಳಿಗೇ ಕಿರಣದ ಪೆಟ್ಟು ಹೆಚ್ಚು, ಹಾಗಾಗಿ ಪದರ ಸವೆಯುತ್ತದೆ, ಹಾಲು ಅರಗುವುದಿಲ್ಲ. ಅಲ್ಲಿ ಬಿಡಾರ ಹೂಡಿರುವ ಬ್ಯಾಕ್ಟೀರಿಯಾಗಳ ಸಂಸಾರವೂ ಚೆದುರುತ್ತದೆ. ನಾರನ್ನು ಹುಳಿಸಿ ಬ್ಯುಟಿರೇಟ್ ಎಂಬ ಪೋಷಕ ಮಾಡಿ ದೊಡ್ಡಕರುಳಿಗೆ ಉಣಿಸುವ ಬಗೆಗಳು ಕಡಿಮೆಯಾಗಿ, ಇ. ಕೊಲೈ ಬಳಗದಂಥವು ಆ ಜಾಗಕ್ಕೆ ನುಗ್ಗುತ್ತವೆ.

‘ಹಾಗಾದರೆ ಮೊಸರು ತಿಂದರಾಯಿತಲ್ಲ?’ ಎಂದೆ. ನಕ್ಕರು. ‘ಮೊಸರಿನಲ್ಲಿರುವುದು ಕೆಲವೇ ಬಗೆ, ನಿಮ್ಮ ಕರುಳಿನಲ್ಲಿರುವುದು ನೂರಾರು. ಬಿಳಿ ರಕ್ತಕಣ ಇಳಿದಿರುವಾಗ ಪ್ರೋಬಯಾಟಿಕ್, ಅಂದರೆ ಜೀವಂತ ಬ್ಯಾಕ್ಟೀರಿಯಾ ಇರುವ ಮಾತ್ರೆಯನ್ನೂ ಕೇಳದೆ ನುಂಗಬೇಡಿ. ಹೆಪ್ಪು ತಳದಲ್ಲಿ ಇದ್ದೇ ಇರುತ್ತದೆ, ಸ್ವಲ್ಪ ಕಾಯಿರಿ.’ ಗಡಿಗೆಯ ಅಂಚಿಗೆ ಮೆತ್ತಿಕೊಂಡ ಚೂರು ಮೊಸರಿನಿಂದಲೇ ರಾತ್ರಿಯ ಹಾಲು ಹೆಪ್ಪಾದದ್ದನ್ನು ನಾನೆಷ್ಟು ಸಲ ಕಂಡಿಲ್ಲ! ‘ಪೂರ್ತಿ ಮೊದಲಿನಂತೆ ಆಗುತ್ತದೆ ಎಂದು ಬರೆದುಕೊಡಲಾರೆ’ ಎಂದೂ ಸೇರಿಸಿದರು. ಸುಳ್ಳು ಸಮಾಧಾನ ಹೇಳದೆ ಇದ್ದದ್ದಕ್ಕೆ ಅವರಿಗೆ ಇನ್ನೊಂದು ನಮಸ್ಕಾರ.

ಕಷಾಯದ ಬಾಟಲಿ ಕಳಿಸಿದ ಬಂಧುಗಳಿಗೂ ವಂದನೆ. ಬಾಟಲಿಗಳು ಸೀಲು ಒಡೆಯದೆ ಹಾಗೆಯೇ ಇವೆ.

ಇನ್ನು ಅತ್ತಿಗೆ. ಬೆಂಗಳೂರಿನ ಅವರ ಬಾಡಿಗೆ ಮನೆಗೆ ಇರುವುದು ಒಂದೇ ಶೌಚಾಲಯ. ಅಣ್ಣನನ್ನೂ ಮಕ್ಕಳನ್ನೂ ಐದಕ್ಕೇ ಎಬ್ಬಿಸಿ ಅದನ್ನು ನನಗೆ ಬಿಡಿಸಿಕೊಟ್ಟರು. ನುಣ್ಣನೆಯ ಅನ್ನದ ಗಂಜಿ, ಒಗ್ಗರಣೆಯಿಲ್ಲದ ಹೆಸರುಬೇಳೆ ಕಟ್ಟು, ತಲೆದೆಸೆಯಲ್ಲಿ ಚೊಂಬು ತುಂಬ ಓಆರ್‌ಎಸ್. ಒಂದು ದಿನವೂ ಮೂಗು ಮುರಿಯಲಿಲ್ಲ.

ಕಳೆದ ತಿಂಗಳು ಧೈರ್ಯ ಮಾಡಿ ಮುದ್ದೆಗೆ ಹುರುಳಿಕಾಳಿನ ಸಾರು ಉಂಡೆ. ಮರುದಿನ ಬೆಳಗ್ಗೆಯೇ ಅತ್ತಿಗೆಯ ಫೋನು.

‘ಎಷ್ಟು ಸಲ ಹೋದೆ?’

‘ಒಂದೇ ಸಲ ಅತ್ತಿಗೆ.’

ಅವರು ಅಡುಗೆಮನೆಯಿಂದಲೇ ಅಣ್ಣನಿಗೆ ಅದನ್ನು ಕೂಗಿ ಹೇಳಿದ್ದು ನನಗೆ ಕೇಳಿಸಿತು.