ಹಲ್ಲು ನೋಡಲು ಬಂದವರು ಟಾಫಿ ಹಂಚುವುದಾ?

ಸಂಪಾದಕರೇ,

ಮಕ್ಕಳ ದಿನಾಚರಣೆಗೆ ನಮ್ಮೂರ ಶಾಲೆಯಲ್ಲಿ ನಡೆದ ಹಲ್ಲಿನ ತಪಾಸಣೆಯ ವರದಿ ಓದಿದೆ. ಮಕ್ಕಳ ಹಲ್ಲು ಹುಳುಕಾಗಲು ತಂದೆ-ತಾಯಿಯ ನಿರ್ಲಕ್ಷ್ಯವೇ ಕಾರಣ ಅಂತ ಅಧಿಕಾರಿ ಹೇಳಿದ್ದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಭಾಷಣ ಮುಗಿಸಿ ಅವರೇ ಒಂದೊಂದು ಮಗುವಿಗೂ ಎರಡೆರಡು ಟಾಫಿ ಕೊಟ್ಟರಲ್ಲ, ಅದನ್ನು ಯಾಕೆ ಹಾಕಲಿಲ್ಲ? ನಾನು ಅಲ್ಲೇ ಕೂತಿದ್ದೆ. ಹಲ್ಲಿಗೆ ಅಂಟಿಕೊಂಡರೆ ಬೆರಳು ಹಾಕಿ ಕೀಳಬೇಕು, ಅಂಥ ಟಾಫಿ.

ಅದೇ ರಾತ್ರಿ ಐದನೇ ಕ್ಲಾಸಿನ ನನ್ನ ಮಗಳಿಗೆ ದವಡೆ ನೋವು ಶುರುವಾಯಿತು. ಹುಳುಕು ಮೊದಲೇ ಇತ್ತು, ಒಪ್ಪುತ್ತೇನೆ. ಲವಂಗ ಇಟ್ಟೆ, ಉಪ್ಪುನೀರು ಮುಕ್ಕಳಿಸಿದೆವು, ಬೆಳಗಿನವರೆಗೆ ಮನೆಯಲ್ಲಿ ಯಾರೂ ಮಲಗಲಿಲ್ಲ. ಹತ್ತಿರದ ಆಸ್ಪತ್ರೆಗೆ ಹೋದರೆ ಹಲ್ಲಿನ ಡಾಕ್ಟ್ರು ವಾರಕ್ಕೆ ಒಂದೇ ದಿನ ಅಂದರು. ಅಡಿಕೆ ಕೊಯ್ಲು ಬೇರೆ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರು ಬಂದು ಅಂಗಳದಲ್ಲಿ ನಿಂತಿದ್ದಾರೆ, ಅವರನ್ನು ಅಲ್ಲೇ ಬಿಟ್ಟು ಅಳುವ ಮಗುವನ್ನು ಕರ್ಕೊಂಡು ಎರಡು ಬಸ್ಸು ಬದಲಿಸಿ ಆಯನೂರು ಮೇಲೆ ಶಿವಮೊಗ್ಗ ಸೇರುವಾಗ ಮಧ್ಯಾಹ್ನ. ರೂಟ್ ಕೆನಾಲ್ ಆಗಬೇಕಂತೆ. ಇನ್ನೂ ಎರಡು ಸಲ ಹೋಗಬೇಕು.

ಅದು ಹಾಲು ಹಲ್ಲು, ಹೇಗೂ ಬಿದ್ದು ಹೋಗುತ್ತೆ ಅಂತ ನಾವು ಸುಮ್ಮನಿದ್ದೆವು. ಸುಮಾರು ಆರನೇ ವರ್ಷಕ್ಕೆ ಹಾಲು ಹಲ್ಲಿನ ಹಿಂದೆ ಬರುವ ಆ ದವಡೆ ಹಲ್ಲು ಕೊನೆತನಕ ಇರಬೇಕಾದದ್ದು ಅಂತ ಶಿವಮೊಗ್ಗದ ಡಾಕ್ಟ್ರು ಹೇಳಿದಾಗಲೇ ಗೊತ್ತಾಗಿದ್ದು. ಕ್ಯಾಂಪಿನಲ್ಲಿ ಈ ಒಂದು ಮಾತು ಹೇಳಬಹುದಿತ್ತು, ಅಲ್ವಾ? ಬಾಯಲ್ಲಿರುವ ಕ್ರಿಮಿ ಸಕ್ಕರೆಯಿಂದ ಹುಳಿ ಮಾಡುತ್ತೆ, ಆ ಹುಳಿ ಹಲ್ಲನ್ನು ಕರಗಿಸುತ್ತೆ, ಬಾಯಿಯ ಜೊಲ್ಲು ಅದನ್ನು ಸರಿಮಾಡಲು ಅರ್ಧ ಗಂಟೆಯಾದರೂ ಬೇಕು. ಅದಕ್ಕೇ ಬೆಳಿಗ್ಗೆ ದೋಸೆಗೆ ಒಂದು ಸಲ ಜೋನಿ ಬೆಲ್ಲ ಹಾಕಿಕೊಂಡದ್ದಕ್ಕಿಂತ ದಿನವಿಡೀ ಒಂದೊಂದೇ ಪೆಪ್ಪರ್‌ಮಿಂಟು ಚೀಪುವುದು ಜಾಸ್ತಿ ಕೆಟ್ಟದ್ದು. ರಾತ್ರಿ ಜೊಲ್ಲು ಕಮ್ಮಿ, ಹಾಗಾಗಿ ಫ್ಲೋರೈಡ್ ಪೇಸ್ಟಿನಲ್ಲಿ ಹಲ್ಲುಜ್ಜಿ ಮಲಗಬೇಕು, ಆಮೇಲೆ ಸಕ್ಕರೆ ಹಾಕಿದ ಹಾಲು ಕೊಡಬಾರದು. ನಾನು ಇಷ್ಟು ವರ್ಷ ಕೊಟ್ಟಿದ್ದೇ ಅದನ್ನ. ಹೇಳಿದ್ದರೆ ಬಿಡುತ್ತಿದ್ದೆ.

ಹಿಂದೆ ಮೊಟ್ಟೆ ತಿನ್ನದ ಮಕ್ಕಳಿಗೆ ಶಾಲೆಯಲ್ಲಿ ಶೇಂಗಾ ಚಿಕ್ಕಿ ಕೊಡುತ್ತಿದ್ದರು. ತಿಂದು ಬಾಯಿ ಮುಕ್ಕಳಿಸೋಣ ಅಂದರೆ ನಲ್ಲಿಯಲ್ಲಿ ನೀರಿರಲಿಲ್ಲ, ಈಗಲೂ ಇಲ್ಲ. ಆ ನಲ್ಲಿಯ ಬಗ್ಗೆ ಗ್ರಾಮಸಭೆಯಲ್ಲಿ ಎರಡು ವರ್ಷದಿಂದ ಹೇಳುತ್ತಲೇ ಇದ್ದೇವೆ, ಬರೆದುಕೊಳ್ಳುತ್ತಾರೆ, ಹೋಗುತ್ತಾರೆ. ಗೇಟಿನ ಎದುರಿನ ಅಂಗಡಿಯಲ್ಲಿ ಒಂದು ರೂಪಾಯಿಯ ಜೆಲ್ಲಿ ನೇತಾಡುತ್ತೆ, ಅದೂ ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಳಗಿನ ಬಸ್ಸು ಮಳೆಗಾಲದಲ್ಲಿ ನಿಂತದ್ದು ಇನ್ನೂ ಬಂದಿಲ್ಲ. ತಾಯಂದಿರ ನಿರ್ಲಕ್ಷ್ಯ ಮಾತ್ರ ಇವರಿಗೆ ತಕ್ಷಣ ಕಾಣುತ್ತೆ!

ಹಲ್ಲಿನ ಡಾಕ್ಟರು ವಾರಪೂರ್ತಿ ಸಿಗುವ ಹಾಗೆ ಮಾಡಿ, ಇಲ್ಲಾ ಆ ಬಸ್ಸನ್ನಾದರೂ ಬಿಡಿ. ನಲ್ಲಿ ಸರಿ ಮಾಡಿ. ಮುಂದಿನ ಸಲ ಕ್ಯಾಂಪಿಗೆ ಬರುವವರು ಟಾಫಿ ಬಿಟ್ಟು ಬ್ರಷ್ಷು ತರಲಿ. ಏನೂ ತರದಿದ್ದರೂ ಪರವಾಗಿಲ್ಲ, ಮಕ್ಕಳ ಎದುರು ನಮ್ಮನ್ನು ಬೈಯುವುದನ್ನು ನಿಲ್ಲಿಸಲಿ.

– ಒಬ್ಬ ತಾಯಿ, ಹೊಸನಗರ ತಾಲ್ಲೂಕು