ನಾಲಿಗೆ ಸುಟ್ಟಿದ್ದು ಎಲೆಯಲ್ಲ, ತೇವ

ಸಂಪಾದಕರಿಗೆ,

ಮಾನ್ಯರೇ,

ವರ್ಷಕ್ಕೊಮ್ಮೆ ಮಾತ್ರ ಬರುವ ಪೈಪ್ ತಂಬಾಕಿನ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆವು. ಕ್ರಿಸ್‌ಮಸ್ ಹೊತ್ತಿಗೆ ಲೆಕ್ಕದ ಡಬ್ಬಿಗಳಲ್ಲಿ ಹೊರಬರುವ ಹಳೆ ಎಲೆಯ ತಂಬಾಕನ್ನು ಸೇದಿ ನೋಡಿ, ‘ಹೆಸರು ದೊಡ್ಡದು, ಸಿಹಿ ಇಲ್ಲ, ನಾಲಿಗೆ ಸುಡುತ್ತದೆ’ ಎಂದು ಲೇಖಕರು ತೀರ್ಪು ಕೊಟ್ಟಿದ್ದಾರೆ. ಕಾರಣ ಬರಹದಲ್ಲೇ ಇದೆ. ಡಬ್ಬಿ ತೆರೆದ ಹತ್ತೇ ನಿಮಿಷಕ್ಕೆ ಪೈಪ್ ತುಂಬಿದ್ದಾರೆ, ತಿಂಗಳು ಜುಲೈ, ಊರು ಧಾರವಾಡ. ಹಾಗೆ ಸೇದಿದರೆ ಯಾವ ಎಲೆಯೂ ಸುಡುತ್ತದೆ. (ಪಕ್ಕದ ಚಿತ್ರದಲ್ಲಿ ಗಿರಮಿಟ್ಟಿನ ಪ್ಲೇಟು, ಅರ್ಧ ಕಚ್ಚಿದ ಮಿರ್ಚಿ ಕೂಡ ಇದ್ದವು. ಆ ಉರಿಯಲ್ಲಿ ಅವುಗಳ ಪಾಲೆಷ್ಟೋ!)

ಮೊದಲು ‘ಹಳೆಯದು’ ಎಂಬ ಮಾತು. ಎಲೆಯ ವಯಸ್ಸು ಬೇರೆ, ಡಬ್ಬಿಯ ವಯಸ್ಸು ಬೇರೆ. ಬರಹ ಎರಡನ್ನೂ ಒಂದು ಮಾಡಿದೆ. ಒಣಗಿಸಿದ ಎಲೆಯನ್ನು ಬೇಲು ಕಟ್ಟಿ ಗೋದಾಮಿನಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಹಸಿ ಘಾಟು, ಅಮೋನಿಯಾ ಬಿಟ್ಟುಹೋಗುವುದು ಅಲ್ಲಿ. ಆಮೇಲೆ ಎಲೆಗಳನ್ನು ಕೂಡಿಸಿ, ಹಲಗೆಯಂತೆ ಒತ್ತಿ, ತೆಳ್ಳಗೆ ಕೊಯ್ದು ಡಬ್ಬಿಗೆ ಹಾಕುತ್ತಾರೆ. ಆ ಎಲೆಗಳೆಲ್ಲ ಒಂದಕ್ಕೊಂದು ಹೊಂದಿಕೊಂಡು ಒಂದೇ ರುಚಿಯಾಗುವುದು ಮುಚ್ಚಿದ ಡಬ್ಬಿಯೊಳಗೆ. ಅಮೆರಿಕದ ಕನ್ಸಾಸ್ ಸಿಟಿಯ ಮೆಕ್‌ಕ್ಲೆಲ್ಯಾಂಡ್ ಕಂಪನಿ ಪ್ರತಿವರ್ಷ ತರುತ್ತಿದ್ದ ‘ಕ್ರಿಸ್‌ಮಸ್ ಚಿಯರ್’ ಒಂದೇ ಸುಗ್ಗಿಯ ವರ್ಜೀನಿಯಾ ಎಲೆಯನ್ನು ಕೆಲವು ವರ್ಷ ಇಟ್ಟು ಮಾಡಿದ್ದು. ಕಂಪನಿ 2018ರಲ್ಲಿ ಬಾಗಿಲು ಹಾಕಿದ್ದರಿಂದ ಅದರ ಯಾವ ಡಬ್ಬಿ ಸಿಕ್ಕರೂ ಇಂದು ಎರಡೂ ಲೆಕ್ಕದಲ್ಲಿ ಹಳೆಯದೇ. ಹೊಸದಾಗಿ ಕಟ್ಟಿದ ಡಬ್ಬಿ ಹಾಗಲ್ಲ. ಎಲೆ ಹಳೆಯದಿದ್ದರೂ ಒತ್ತಿದ್ದು ಮೊನ್ನೆ ಮೊನ್ನೆ. ಹಾಗಾಗಿ ಇಂಥದ್ದನ್ನು ಕೊಳ್ಳುವವರು ಎರಡು ಡಬ್ಬಿ ತಂದು, ಒಂದನ್ನು ಈಗ ತೆರೆದು, ಇನ್ನೊಂದನ್ನು ಎರಡು ಮೂರು ವರ್ಷ ಮುಟ್ಟದೆ ಇಡುತ್ತಾರೆ.

ಎಲ್ಲ ತಂಬಾಕೂ ಇಟ್ಟಷ್ಟು ರುಚಿಯಾಗುತ್ತದೆ ಎಂದು ಬರೆದಿರುವುದು ಸರಿಯಲ್ಲ. ಹೆಚ್ಚು ಲಾಭ ಪಡೆಯುವುದು ಸಕ್ಕರೆ ಅಂಶ ಜಾಸ್ತಿ ಇರುವ ವರ್ಜೀನಿಯಾ. ಧಾರವಾಡ ಪೇಡೆಯ ಕಂದು ಬಣ್ಣ, ಆ ಕಾದ ಪರಿಮಳ ಬರುವುದು ಹಾಲಿನ ಪ್ರೋಟೀನು ಸಕ್ಕರೆಯೊಂದಿಗೆ ಒಲೆಯ ಮೇಲೆ ಕೂಡಿದಾಗ. ಎಲೆಯಲ್ಲೂ ಅದೇ ಜಾತಿಯ ಕೂಡಿಕೆ ನಡೆಯುತ್ತದೆ, ಆದರೆ ಒಲೆ ಇಲ್ಲದೆ, ವರ್ಷಗಳ ಮೇಲೆ. ಹಳದಿ ಎಲೆ ಕೆಂಪಾಗಿ, ಕೆಂಪು ಕಪ್ಪಾಗಿ, ಹುಲ್ಲಿನ ವಾಸನೆ ಹೋಗಿ ಅಂಜೂರ, ಉತ್ತತ್ತಿಯ ಕಡೆಗೆ ವಾಲುವುದು ಇದರಿಂದಲೇ. ಹೊಗೆ ಕುಡಿಸಿದ ಲಟಾಕಿಯಾ ಎಲೆ ಮಾತ್ರ ವರ್ಷ ಕಳೆದಂತೆ ತನ್ನ ಖಾರ ಕಳೆದುಕೊಳ್ಳುತ್ತದೆ. ವೆನಿಲ್ಲಾ, ಚೆರ್ರಿ ಸಿಂಪಡಿಸಿದ ತಂಬಾಕು ಇಟ್ಟರೆ ಆ ಪರಿಮಳ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಇನ್ನು ಫ್ರಿಜ್‌ನಲ್ಲಿಡುವ ಸಲಹೆ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಇಡುವುದು ಬಣ್ಣ ಬದಲಾಗದಿರಲಿ ಎಂದು. ತಂಬಾಕು ಇಡುವುದು ಬದಲಾಗಲಿ ಎಂದು. ತಂಪು, ಕತ್ತಲೆಯ ಕಪಾಟು ಸಾಕು.

‘ಹುಣಸೂರು ಕಡೆ ಎಲೆಗೆ ಹೊಗೆ ಹಾಕಿ ಒಣಗಿಸುತ್ತಾರೆ’ ಎಂಬ ವಾಕ್ಯವನ್ನೂ ತಿದ್ದಬೇಕು. ಹುಣಸೂರು, ಪಿರಿಯಾಪಟ್ಟಣದಲ್ಲಿ ಎಲೆ ಒಣಗಿಸುವ ಬ್ಯಾರನ್‌ಗಳಲ್ಲಿ ಸೌದೆ ಉರಿಯುವುದು ಒಲೆಯಲ್ಲಿ. ಹೊಗೆ ಕಬ್ಬಿಣದ ಕೊಳವೆಯೊಳಗೆ ಹಾದು ಹೊರಗೆ ಹೋಗುತ್ತದೆ, ಎಲೆಗೆ ತಾಗುವುದು ಕೊಳವೆಯ ಶಾಖ ಮಾತ್ರ. ಮೊದಲು 35ರಿಂದ 38 ಡಿಗ್ರಿಯಲ್ಲಿ ಎಲೆ ಹಳದಿಯಾಗುವಾಗ ಪಿಷ್ಟ ಸಕ್ಕರೆಯಾಗುತ್ತದೆ, ಆಮೇಲೆ ಶಾಖ ಏರಿಸುತ್ತ 70ರ ಆಸುಪಾಸಿಗೆ ಒಯ್ದು ನಡುನಾರು ಒಣಗಿಸಿದಾಗ ಆ ಸಕ್ಕರೆ ಎಲೆಯಲ್ಲೇ ನಿಲ್ಲುತ್ತದೆ. ಪೈಪಿನವರು ವರ್ಜೀನಿಯಾ ಎನ್ನುವುದು ಈ ಜಾತಿಯ ಎಲೆಯನ್ನೇ. ನಮ್ಮ ಪಕ್ಕದ ನಿಪ್ಪಾಣಿಯದು ಬಿಸಿಲಿಗೆ ಒಣಗಿಸುವ ಬೀಡಿ ತಂಬಾಕು, ಸಕ್ಕರೆ ಕಡಿಮೆ, ಘಾಟು ಹೆಚ್ಚು. ಅದನ್ನು ಗಾಜಿನ ಭರಣಿಯಲ್ಲಿ ಹತ್ತು ವರ್ಷ ಇಟ್ಟರೂ ವರ್ಜೀನಿಯಾ ಆಗುವುದಿಲ್ಲ.

ಈಗ ಸುಡುವ ವಿಷಯ. ಡಬ್ಬಿಯಿಂದ ತೆಗೆದ ಫ್ಲೇಕಿನಲ್ಲಿ (ಒತ್ತಿ ಕೊಯ್ದ ತೆಳು ಹೋಳಿನಲ್ಲಿ) ಸಾಮಾನ್ಯವಾಗಿ ಸೇದಲು ಬೇಕಾದ್ದಕ್ಕಿಂತ ಹೆಚ್ಚು ನೀರಿರುತ್ತದೆ. ಸೇದುವ ಹೊತ್ತಿಗೆ ತೇವ ಶೇ 12ರಿಂದ 14 ಇರಬೇಕು. ಹೆಚ್ಚಾದರೆ ಬೆಂಕಿ ಆರುತ್ತದೆ, ಆರಬಾರದೆಂದು ಜೋರಾಗಿ ಎಳೆಯುತ್ತೇವೆ, ಎಳೆದಾಗ ಬರುವುದು ಅರ್ಧ ಹೊಗೆ, ಅರ್ಧ ಹಬೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಕೈ ಸುಡುವುದು ಹೇಗೋ ನಾಲಿಗೆ ಸುಡುವುದೂ ಹಾಗೆಯೇ. ಸಿಹಿ ಇರುತ್ತದೆ, ಹಬೆಯಲ್ಲಿ ತಿಳಿಯುವುದಿಲ್ಲ ಅಷ್ಟೇ.

ಅಳೆಯುವುದು ಕಷ್ಟವಲ್ಲ. ಪತ್ತಾರರ ಹತ್ತಿರ ಇರುವಂಥ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ 10 ಗ್ರಾಂ ತೂಗಿ. ಶೇ 18 ತೇವ ಇದ್ದರೆ ಅದರಲ್ಲಿ ನೀರು 1.8 ಗ್ರಾಂ, ಶೇ 13ಕ್ಕೆ ಇಳಿದಾಗ ತೂಕ ಸುಮಾರು 9.4 ಗ್ರಾಂ ಆಗಬೇಕು. ತಕ್ಕಡಿ ಇಲ್ಲದಿದ್ದರೆ ಬೆರಳು ಸಾಕು. ಫ್ಲೇಕನ್ನು ಎಳೆ ಎಳೆಯಾಗಿ ಉಜ್ಜಿ ಬಿಡಿಸಿ, ಒಂದು ಚಿಟಿಕೆ ಒತ್ತಿ ಬಿಡಿ. ಉಂಡೆಯಾಗಿ ನಿಂತರೆ ಹಸಿ. ಚಟಚಟ ಮುರಿದರೆ ಮಿತಿ ಮೀರಿ ಒಣಗಿದೆ. ನಿಧಾನಕ್ಕೆ ಅರಳಿಕೊಂಡು, ಬೆರಳಿಗೆ ತಂಪು ತಾಗದಿದ್ದರೆ ಹದ. ಬಿಡಿಸಿದ ಎಳೆ ಕಾಗದದ ಮೇಲೆ ಹರವಿದರೆ ಚಳಿಗಾಲದ ಹುಬ್ಬಳ್ಳಿಯಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಕು. ಏಪ್ರಿಲ್ ಬಿಸಿಲಿನ ಗದಗದಲ್ಲಿ ಹತ್ತು ನಿಮಿಷಕ್ಕೆ ಅಂಚು ಗರಿಗರಿಯಾಗಿಬಿಡುತ್ತದೆ, ಪಕ್ಕದಲ್ಲೇ ಇರಬೇಕು. ಮಳೆಗಾಲದ ಧಾರವಾಡದಲ್ಲಿ, ಹೊರಗಿಟ್ಟ ಹಪ್ಪಳ ಮೆತ್ತಗಾಗುವ ದಿನ, ತಂಬಾಕು ಒಣಗುವುದೇ ಇಲ್ಲ, ಗಾಳಿಯಿಂದ ಇನ್ನಷ್ಟು ನೀರು ಕುಡಿಯುತ್ತದೆ. ಆಗ ಹಳೇ ಕಾಲದ 60 ವ್ಯಾಟ್ ಬಲ್ಬಿನ ಕೆಳಗೆ ಒಂದು ಅಡಿ ದೂರದಲ್ಲಿ ಹರವಿ ಐದೈದು ನಿಮಿಷಕ್ಕೆ ಮುಟ್ಟಿ ನೋಡಬೇಕು. ಮೈಕ್ರೊವೇವ್ ಬೇಡ, ಪರಿಮಳವೂ ನೀರಿನೊಂದಿಗೇ ಹಾರುತ್ತದೆ.

ರುಚಿ ನೋಡಲು ಯಾವ ಪೈಪ್ ಎಂಬುದೂ ಮುಖ್ಯ. ಹಿಂದೆ ಲಟಾಕಿಯಾ ಸೇದಿದ ಬ್ರಯರ್ ಕಟ್ಟಿಗೆಯ ಪೈಪಿನಲ್ಲಿ ವರ್ಜೀನಿಯಾ ಹಾಕಿದರೆ ಬರುವುದು ಲಟಾಕಿಯಾದ್ದೇ ವಾಸನೆ. ಜೋಳದ ದಂಟಲ್ಲ, ಗೋವಿನಜೋಳದ ತೆನೆಯ ದಿಂಡಿನಿಂದ ಮಾಡಿದ ಅಗ್ಗದ ಪೈಪ್ ಈ ಕೆಲಸಕ್ಕೆ ಚೆನ್ನ. ಸುಮಾರು 2 ಗ್ರಾಂ ಸಾಕು. ದಪ್ಪ ಎಳೆ ಕೆಳಗೆ, ಸಣ್ಣದು ಮೇಲೆ. ಕೆಳಗೆ ಸಡಿಲ, ನಡುವೆ ಮೆತ್ತಗೆ, ಮೇಲೆ ತುಸು ಬಿಗಿ. ಹಚ್ಚುವ ಮೊದಲು ಖಾಲಿ ಎಳೆದು ನೋಡಿದರೆ ಸ್ಟ್ರಾದಲ್ಲಿ ಎಳನೀರು ಎಳೆದಷ್ಟೇ ತಡೆ ಇರಬೇಕು. ಹೆಚ್ಚು ಬಿಗಿಯಿದ್ದರೆ ಒತ್ತಿ ಸರಿಮಾಡಲು ಹೋಗಬೇಡಿ, ಸುರಿದು ಮತ್ತೆ ತುಂಬಿ. ಕಡ್ಡಿಯ ಗಂಧಕ ಪೂರ್ತಿ ಉರಿದ ಮೇಲೆ ತಾಗಿಸಿ. ಮೊದಲ ಸಲ ಹಚ್ಚಿದಾಗ ಮೇಲಿನ ಎಳೆ ಉಬ್ಬಿ ಏಳುತ್ತದೆ. ಹಗುರಾಗಿ ಒತ್ತಿ ಎರಡನೇ ಸಲ ಹಚ್ಚುವುದೇ ನಿಜವಾದ ಹಚ್ಚುವಿಕೆ. 2 ಗ್ರಾಂ ತಂಬಾಕು ಮುಕ್ಕಾಲು ಗಂಟೆ ಬರಬೇಕು. ಇಪ್ಪತ್ತು ನಿಮಿಷಕ್ಕೆ ಮುಗಿದರೆ ತಪ್ಪು ಸೇದಿದವರದು. ಪೈಪಿನ ಬಟ್ಟಲನ್ನು ಕೆನ್ನೆಗೆ ಹಿಡಿಯಲಾಗದಷ್ಟು ಬಿಸಿಯಾದರೆ ಕೆಳಗಿಡಿ, ಆರಿದರೆ ಆರಲಿ, ಮತ್ತೆ ಹಚ್ಚಿದರಾಯಿತು. ತೀರ್ಪು ಕೊಡಬೇಕಾದದ್ದು ನಡುವಿನ ಮೂರನೇ ಒಂದು ಭಾಗದ ಮೇಲೆ. ಮೊದಲಲ್ಲಿ ಕಡ್ಡಿಯ ರುಚಿ ಇರುತ್ತದೆ, ಕೊನೆಯಲ್ಲಿ ಬೂದಿ ಮತ್ತು ಇಳಿದು ನಿಂತ ತೇವ. ಬಿಸಿ ಇರುವಾಗ ನಳಿಗೆ ತಿರುಗಿಸಿ ಕಿತ್ತರೆ ಬ್ರಯರ್ ಸೀಳುತ್ತದೆ, ತಣಿದ ಮೇಲೆ ಬಿಚ್ಚಬೇಕು.

‘ಹೊಗೆ ಒಳಗೆ ಎಳೆಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ’ ಎಂಬುದು ಶುದ್ಧ ಸುಳ್ಳು. ಬಾಯಿ, ನಾಲಿಗೆ, ಗಂಟಲಿನ ಕ್ಯಾನ್ಸರ್ ಪೈಪ್ ಸೇದುವವರಿಗೂ ಬರುತ್ತದೆ, ನಿಕೋಟಿನ್ ಬಾಯಿಯ ಒಳಪೊರೆಯಿಂದಲೂ ರಕ್ತಕ್ಕೆ ಸೇರುತ್ತದೆ. 18 ತುಂಬಿದವರು ಕೊಳ್ಳಬಹುದು ಎಂಬುದೂ ಹಳೆಯ ಮಾತು. ಕರ್ನಾಟಕದಲ್ಲಿ 2025ರಿಂದ ಅದು 21. ಅಂಗಡಿಯ ಹೆಸರು, ಬೆಲೆ ಸಮೇತ ಅಚ್ಚು ಹಾಕುವ ಮುನ್ನ 2003ರ ತಂಬಾಕು ನಿಯಂತ್ರಣ ಕಾಯ್ದೆಯ ಜಾಹೀರಾತು ನಿಷೇಧವನ್ನು ಒಮ್ಮೆ ನೋಡಬಹುದಿತ್ತು.

ಇಷ್ಟಕ್ಕೂ ತಿದ್ದುಪಡಿ ಹಾಕಲು ಜಾಗವಿಲ್ಲದಿದ್ದರೆ, ಕೊನೆಯ ಸಲಹೆಯೊಂದನ್ನಾದರೂ ಹಿಂತೆಗೆದುಕೊಳ್ಳಿ. ಒಣಗಿದ ತಂಬಾಕಿನ ಡಬ್ಬಿಯಲ್ಲಿ ಬಟಾಟಿ ಹೋಳು ಇಡಿ ಎಂದು ಬರೆದಿದ್ದಾರೆ. ಈ ಹವೆಯಲ್ಲಿ ಅದು ಕೆಲವೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಹಾಕಿಟ್ಟವರು ಇವತ್ತೇ ತೆಗೆದು, ಎಳೆಗಳನ್ನು ಬೆಳಕಿಗೆ ಹಿಡಿದು ನೋಡಲಿ. ಸಕ್ಕರೆ ಹರಳಿನಂತೆ ಚುಕ್ಕಿ ಚುಕ್ಕಿಯಾಗಿ ಮಿನುಗಿದರೆ, ಹನಿ ನೀರಿಗೆ ಕರಗಿದರೆ ಅದು ಹಳೆ ವರ್ಜೀನಿಯಾದಲ್ಲಿ ಮೂಡುವ ಹರಳು, ಹೆದರಬೇಕಿಲ್ಲ. ಹತ್ತಿಯ ನೂಲಿನಂತೆ ಎದ್ದು, ಮುಗ್ಗಲು ವಾಸನೆ ಬಂದರೆ ಬೂಸ್ಟು. ಆ ಭಾಗ ಮಾತ್ರ ಕಿತ್ತು ಉಳಿದದ್ದು ಇಟ್ಟುಕೊಳ್ಳದೆ ಇಡೀ ಡಬ್ಬಿ ಚೆಲ್ಲಬೇಕು. ತೇವ ಕೊಡಲೇಬೇಕಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ತಂಬಾಕು ಹಾಕಿದ ಅಗಲ ಬಟ್ಟಲಿನ ಬಾಯಿಗೆ, ಎಳೆಗಳಿಗೆ ತಾಗದಂತೆ, ಕಟ್ಟಿ ಎರಡು ಮೂರು ತಾಸು ಬಿಡಿ. ತಾಸಿಗೊಮ್ಮೆ ಎಳೆಗಳನ್ನು ತಿರುವಿ ಹಾಕಿ.

ಇಂತಿ,
ಧಾರವಾಡದ ಕೆಲವು ಓದುಗರು