ಹೆಸರು ತಿದ್ದಿದ ಅಜ್ಜಿಗೆ, ಮತ್ತು ಉಳಿದವರಿಗೆ

ಕಳೆದ ಶುಕ್ರವಾರ ಪ್ರಿನ್ಸಿಪಾಲ್ ಕೋಣೆಯ ಬೀಗದ ಕೈ ಒಪ್ಪಿಸಿ ಬಂದೆ. ಒಂದು ಕ್ರೈಸ್ತ ಶಾಲೆಯಲ್ಲಿ 11 ವರ್ಷ. ಬೀಳ್ಕೊಡುಗೆಯ ದಿನ ಗಂಟಲು ಕಟ್ಟಿ, ಹೇಳಬೇಕಾದ್ದು ಅರ್ಧ ಹಾಗೇ ಉಳಿಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ಒಬ್ಬ ಅಜ್ಜಿಗೆ. ನನ್ನ ಮೊದಲ ವರ್ಷದ ಬಹುಮಾನ ವಿತರಣೆಯಲ್ಲಿ ಅವರ ಮೊಮ್ಮಗಳ ಹೆಸರನ್ನು ಮೈಕಿನಲ್ಲಿ ತಪ್ಪಾಗಿ ಕೂಗಿದೆ. ಹುಡುಗಿ ನಗುತ್ತಲೇ ಬಂದು ಬಹುಮಾನ ತೆಗೆದುಕೊಂಡಳು. ಕಾರ್ಯಕ್ರಮ ಮುಗಿದದ್ದೇ ಅಜ್ಜಿ ನೇರ ನನ್ನ ಮುಂದೆ ಬಂದು ನಿಂತರು. "ಸರ್, ಇನ್ನೊಂದ್ಸಲ ಹೇಳಿ." ಹೇಳಿದೆ. "ಅಲ್ಲ." ಮತ್ತೆ ಹೇಳಿದೆ. "ಅದೂ ಅಲ್ಲ." ಮೂರನೇ ಸಲ ಸರಿಯಾಯಿತು. "ಹಾಂ, ಈಗ ನಮ್ಮ ಹುಡುಗಿ" ಅಂದು ಹೊರಟರು. ಆಮೇಲೆ ವಿಚಾರಿಸಿದರೆ, ವರ್ಷವಿಡೀ ಹಾಜರಿಯಲ್ಲೂ ಅದೇ ತಪ್ಪು ಹೆಸರು. ಮಗು ಸುಮ್ನೆ 'ಯೆಸ್ ಮಿಸ್' ಅನ್ನುತ್ತಿತ್ತು. ಮುಂದಿನ ವರ್ಷದ ದಾಖಲಾತಿ ಅರ್ಜಿಯಲ್ಲಿ 'ಮನೆಯಲ್ಲಿ ಮಗುವಿನ ಹೆಸರು ಹೇಗೆ ಹೇಳುತ್ತೀರಿ?' ಎಂಬ ಸಾಲು ಸೇರಿತು. ಅದನ್ನು ಸೇರಿಸಿದ್ದು ನಾನಲ್ಲ, ನಮ್ಮ ಆಫೀಸಿನ ಗುಮಾಸ್ತರು. ಅವರಿಗೂ ಥ್ಯಾಂಕ್ಸ್.

ಕಷ್ಟ ಬಂದದ್ದು ಏಳನೇ ವರ್ಷ, ಅಸೆಂಬ್ಲಿಯ ಪ್ರಾರ್ಥನೆಯ ವಿಷಯಕ್ಕೆ. ಅದನ್ನು ನಿಲ್ಲಿಸಿ ಅಂತ ಕೆಲವು ಪೋಷಕರು. ನೀವು ಆಗಲೇ ಜಾಸ್ತಿ ಸಡಿಲ ಬಿಟ್ಟಿದ್ದೀರಿ ಅಂತ ನಮ್ಮ ಚರ್ಚಿನ ಸಭೆಯವರೇ ಕೆಲವರು. ಎರಡೂ ಕಡೆ ಬೈಸಿಕೊಂಡೆ. ತಪ್ಪು ನನ್ನದೂ ಇತ್ತು. ಶಾಲೆಯಲ್ಲಿ ಪ್ರಾರ್ಥನೆ ಇರುತ್ತದೆ ಅಂತ ದಾಖಲಾತಿ ದಿನವೇ ಬಾಯಿಬಿಟ್ಟು ಹೇಳಬೇಕಿತ್ತು. ಸಂಕೋಚಕ್ಕೆ ನುಂಗಿಕೊಂಡಿದ್ದೆ.

ಆಗ ಜೊತೆಗೆ ನಿಂತವರು ನಮ್ಮ ಸಭಾಪಾಲಕರು, ಅಂದರೆ ಚರ್ಚಿನ ಪಾಸ್ಟರ್. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಅತಿಥಿಸತ್ಕಾರ ಅಂತ ಇರುವ ಕಡೆ ಗ್ರೀಕ್ ಮೂಲದಲ್ಲಿ ಇರುವುದು 'ಫಿಲೋಕ್ಸೆನಿಯಾ', ಅಂದರೆ ಪರಕೀಯರ ಮೇಲಿನ ಪ್ರೀತಿ ಅಂತ ಅವರು ಸಭೆಯವರಿಗೆ ಬಿಡಿಸಿ ಹೇಳಿದರು. ನಮ್ಮವರನ್ನೇ ಕರೆದು ಉಪಚರಿಸಿದರೆ ಆ ಪದಕ್ಕೆ ಸಾಲದು. ಕ್ಯಾಥೊಲಿಕ್ ಶಾಲೆ ನಡೆಸುವ ಸಿಸ್ಟರ್ ಒಬ್ಬರು ಫೋನಿನಲ್ಲಿ ಇನ್ನೊಂದು ವಿಷಯ ಹೇಳಿದರು. ಕ್ಯಾಥೊಲಿಕ್ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಕ್ರೈಸ್ತ ಶಿಕ್ಷಣದ ಬಗ್ಗೆ ಘೋಷಣೆ ಹೊರಡಿಸಿದ್ದು 1965ರ ಅಕ್ಟೋಬರ್ 28ರಂದು. ಬೇರೆ ಧರ್ಮಗಳ ಜೊತೆ ಹೇಗಿರಬೇಕು ಎಂಬ ಘೋಷಣೆಯೂ ಅದೇ ದಿನ! ನಾವು ಇಲ್ಲಿ ಒಂದನ್ನು ಉಳಿಸಲು ಇನ್ನೊಂದನ್ನು ಬಿಡಬೇಕೇನೋ ಅಂತ ಒದ್ದಾಡುತ್ತಿದ್ದೆವು.

ಪ್ರಾರ್ಥನೆ ಉಳಿಯಿತು. ಮನೆಯೇ ಇಲ್ಲದವರು ನೆಂಟರನ್ನು ಕರೆಯುವುದಾದರೂ ಎಲ್ಲಿಗೆ, ಅಲ್ವಾ? ಆದರೆ ಅಂದಿನಿಂದ ಪ್ರತಿದಿನ ಪ್ರಾರ್ಥನೆಗೆ ಮುಂಚೆ ಮಕ್ಕಳಿಗೆ ಒಂದು ಮಾತು ಹೇಳುತ್ತಾ ಬಂದೆವು: "ಇಷ್ಟವಿದ್ದವರು ಸೇರಿಕೊಳ್ಳಿ. ಇಲ್ಲದವರು ಏನೂ ಮಾಡಬೇಕಾಗಿಲ್ಲ, ಸುಮ್ನೆ ಕೂತಿರಿ." ಇದರಿಂದ ಎಲ್ಲರಿಗೂ ಸಮಾಧಾನ ಆಗಲಿಲ್ಲ. ಮೂರು ಕುಟುಂಬಗಳು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದವು. ಅವರ ಮೇಲೆ ನನಗೆ ಸಿಟ್ಟಿಲ್ಲ.

ರಂಜಾನ್ ತಿಂಗಳಲ್ಲಿ ಬಿಸಿಲಿನ ಆಟದ ಪೀರಿಯಡ್ಡನ್ನು ಬೆಳಿಗ್ಗೆಗೆ ತಂದ ಪಿಟಿ ಮಾಸ್ತರರಿಗೆ, ಸ್ಟಾಫ್ ರೂಮಿನಲ್ಲಿ ನನ್ನ ಜೊತೆ ಜಗಳವಾಡಿ ಮರುದಿನ ಮಾಮೂಲಿನಂತೆ ಪಾಠಕ್ಕೆ ಹೋದ ಎಲ್ಲ ಟೀಚರುಗಳಿಗೆ ಥ್ಯಾಂಕ್ಸ್.

ಕೊನೆಯದಾಗಿ ಆರನೇ ಕ್ಲಾಸಿನ ಒಬ್ಬ ಹುಡುಗನಿಗೆ. ಅಸೆಂಬ್ಲಿ ಗಲಾಟೆಯಲ್ಲಿ ನನ್ನ ಜೊತೆ ಎಲ್ಲರಿಗಿಂತ ಜೋರಾಗಿ ವಾದ ಮಾಡಿದವರು ಅವನ ಅಪ್ಪ. ಮುಂದಿನ ವರ್ಷ ಅವರೇ ನನ್ನನ್ನು ಮಸೀದಿಗೆ ಕರೆದರು. ಹೋದೆ. ಶೂ ಎಲ್ಲಿಡಬೇಕು, ಎಲ್ಲಿ ಕೂರಬೇಕು, ಒಂದೂ ಗೊತ್ತಿಲ್ಲ. ಎಷ್ಟು ವರ್ಷದಿಂದ ಬೇರೆಯವರನ್ನು ಬರಮಾಡಿಕೊಳ್ಳುತ್ತಿದ್ದವನು ಬಾಗಿಲಲ್ಲಿ ಪೆಚ್ಚಾಗಿ ನಿಂತಿದ್ದೆ. ಹುಡುಗ ಓಡಿ ಬಂದು ನನ್ನ ಶೂ ತೆಗೆದು ತನ್ನ ಚಪ್ಪಲಿ ಪಕ್ಕ ಜೋಡಿಸಿದ. ಕೈ ಹಿಡಿದು ಹಿಂದಿನ ಗೋಡೆ ಹತ್ತಿರ ಕೂರಿಸಿದ. ಕಿವಿ ಹತ್ತಿರ ಬಗ್ಗಿ, "ನೀವು ಏನೂ ಮಾಡಬೇಕಾಗಿಲ್ಲ ಸರ್, ಸುಮ್ನೆ ಕೂತಿರಿ" ಅಂದ.